ಬರಿದಾಗಿ ಬಿಟ್ಟ ಹಲಗೆ

“ಗುರುಗಳೇ, ಪೈನ್ ಮರವನ್ನೂ ಕ್ರೌಂಚ ಪಕ್ಷಿಯನ್ನೂ ಬರೆಯಲೆಂದು ಹಿರಿಯರು ಕಂಡುಕೊಂಡ ರೀತಿ ಇದು. ಇದರಲ್ಲಿ ಇವತ್ತಿನ ಪಟ್ಟಣದ ಒಂಟಿತನವನ್ನು ಬರೆಯಲು ಬರುತ್ತದೆಯೇ?”

ಕ್ಯೋಟೋ ನಗರದ ಚಿತ್ರಶಾಲೆಯೊಂದರಲ್ಲಿ ಶಿಷ್ಯನೊಬ್ಬ ಹೀಗೆ ಕೇಳಿದ. ಗುರು ಕುಂಚವನ್ನು ತೊಳೆದಿಟ್ಟರು. “ಹಾಗೆ ಬರೆದವನೊಬ್ಬನಿದ್ದ, ಕೇಳು,” ಎಂದು ಹೇಳತೊಡಗಿದರು.

ಟೋಕಿಯೋದಲ್ಲಿ ಒಬ್ಬ ಚಿತ್ರಕಾರನಿದ್ದ. ಹಳೆಯ ಗುರುಮನೆಯೊಂದರಲ್ಲಿ ಹದಿನೆಂಟು ವರ್ಷ ಕಲಿತಿದ್ದ. ಕಲ್ಲನ್ನು ಅರೆದು ಬಣ್ಣ ಮಾಡುವುದು, ಅಂಟನ್ನು ಹದವಾಗಿ ಕಾಯಿಸುವುದು, ಉಸಿರು ಬಿಗಿಹಿಡಿದು ಚಿನ್ನದ ರೇಕನ್ನು ಕೂರಿಸುವುದು, ಎಲ್ಲವೂ ಅವನಿಗೆ ಬರುತ್ತಿತ್ತು. ಹಿರಿಯರು ಮೆಚ್ಚಿ ಅವನಿಗೆ ಮನೆತನದ ಮುದ್ರೆಯನ್ನು ಕೊಟ್ಟಿದ್ದರು. ಆ ಮುದ್ರೆ ಒತ್ತಿದ ಚಿತ್ರಕ್ಕೆ ಎಲ್ಲೆಲ್ಲೂ ಮನ್ನಣೆಯಿತ್ತು.

ಅವನು ಏಳನೆಯ ಮಹಡಿಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಪ್ರತಿ ಭಾನುವಾರ ಬೆಳಿಗ್ಗೆ ಬೀದಿಯ ತುದಿಯ ಲಾಂಡ್ರಿಗೆ ಹೋಗುತ್ತಿದ್ದ. ಅಲ್ಲಿ ಕೆಲಸದವರಿಲ್ಲ, ಯಂತ್ರಕ್ಕೆ ನಾಣ್ಯ ಹಾಕಿ ಅವರವರ ಬಟ್ಟೆಯನ್ನು ಅವರವರೇ ಒಗೆದುಕೊಳ್ಳಬೇಕು. ಅದೇ ಹೊತ್ತಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಬುಟ್ಟಿಯಲ್ಲಿ ಇಬ್ಬರು ಮಲಗುವ ಹಾಸಿಗೆಯ ಅಗಲದ ಒಂದು ಬೆಡ್‌ಶೀಟ್ ಇರುತ್ತಿತ್ತು. ಅದು ಒಣಗಿದ ಮೇಲೆ ಒಂದು ಅಂಚನ್ನು ಗದ್ದದ ಕೆಳಗೆ ಅದುಮಿಕೊಂಡು, ಎರಡೂ ಕೈ ಚಾಚಿ ಮಡಚುತ್ತಿದ್ದಳು. ಬಟ್ಟೆ ಜಾರಿ ನೆಲಕ್ಕೆ ತಾಗುತ್ತಿತ್ತು. ಎತ್ತಿಕೊಂಡು ಮತ್ತೆ ಮೊದಲಿನಿಂದ ಮಡಚುತ್ತಿದ್ದಳು. ಚಿತ್ರಕಾರ ಎದುರು ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ. ನಾಲ್ಕು ವರ್ಷ ನೋಡಿದ. ಮನೆಗೆ ಬಂದು ನೆನಪಿನಿಂದ ಗೆರೆ ಹಾಕುತ್ತಿದ್ದ.

ಕೊನೆಗೆ ಅವಳನ್ನು, ನೆಲದ ಮೇಲೆ ನಿಲ್ಲಿಸುವ ಎರಡು ಹಲಗೆಯ ಮಡಚುವ ಪರದೆಯ ಮೇಲೆ ಬರೆದ. ಒಂದು ಹಲಗೆಯಲ್ಲಿ ಬಟ್ಟೆ ಹಿಡಿದ ಹೆಂಗಸು. ಇನ್ನೊಂದರಲ್ಲಿ ಬರೀ ಚಿನ್ನದ ರೇಕು.

ಗುರುಮನೆಯ ಹಿರಿಯರು ಬಂದು ನೋಡಿದರು. “ಖಾಲಿ ಬಿಡುವುದನ್ನು ನಿನಗೆ ಕಲಿಸಿದವರು ನಾವೇ. ಆದರೆ ಆ ಖಾಲಿಯಲ್ಲಿ ಮಂಜಿರಬೇಕು, ನೀರಿರಬೇಕು. ಇಲ್ಲಿ ಏನಿದೆ?” ಎಂದರು.

“ಇಲ್ಲಿ ಯಾರೂ ಇಲ್ಲ,” ಎಂದ ಅವನು.

“ಒಂದು ಕ್ರೌಂಚವನ್ನಾದರೂ ಬರೆ. ಆಗದಿದ್ದರೆ ಮುದ್ರೆಯನ್ನು ಹಿಂದಕ್ಕೆ ಕೊಡು.”

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಮುದ್ರೆಯನ್ನು ರೇಷ್ಮೆಯಲ್ಲಿ ಸುತ್ತಿ ಹಿರಿಯರ ಮುಂದಿಟ್ಟ. ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿ ಬಂದ. ಪರದೆಯನ್ನು ತನ್ನ ಸ್ವಂತ ಹೆಸರಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ಸಾಲುಗಟ್ಟಿ ಬಂದರು. ಪಟ್ಟಣದ ಒಂಟಿತನವನ್ನು ಹೀಗೆ ಯಾರೂ ತೋರಿಸಿರಲಿಲ್ಲ ಎಂದು ಪತ್ರಿಕೆಗಳು ಬರೆದವು. ಕೆಲವರು ಪರದೆಯ ಮುಂದೆ ಕಣ್ಣೊರೆಸಿಕೊಂಡರು.

ಪತ್ರಿಕೆಯಲ್ಲಿ ಚಿತ್ರ ನೋಡಿ ಆ ಹೆಂಗಸೂ ಬಂದಳು. ಬಹಳ ಹೊತ್ತು ನಿಂತಳು. ಚಿತ್ರಕಾರ ಹತ್ತಿರ ಹೋಗಿ ತಲೆಬಾಗಿದ.

“ನನ್ನ ಹೆಸರು ಇಸೋಬೆ,” ಎಂದಳು ಅವಳು. “ಗದ್ದದ ಕೆಳಗಿನ ಸುಕ್ಕು ಕೂಡ ಸರಿಯಾಗಿ ಬಂದಿದೆ. ನೀವು ಇಷ್ಟು ಗಮನವಿಟ್ಟು ನೋಡುತ್ತಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ.” ಆಮೇಲೆ ಬರೀ ಚಿನ್ನದ ಹಲಗೆಯ ಕಡೆ ಕೈ ತೋರಿಸಿ ಕೇಳಿದಳು: “ನಾಲ್ಕು ವರ್ಷದಲ್ಲಿ ಒಂದು ದಿನವಾದರೂ ಎದ್ದು ಬಂದು ಆ ಕಡೆಯ ಅಂಚನ್ನು ಹಿಡಿದುಕೊಳ್ಳೋಣ ಎಂದು ನಿಮಗೆ ಅನ್ನಿಸಲಿಲ್ಲವೇ?”

ಅವಳು ಬಾಗಿ ವಂದಿಸಿ ಹೊರಟುಹೋದಳು.

ಮುಂದಿನ ಭಾನುವಾರ ಅವನು ಎಂದಿಗಿಂತ ಬೇಗ ಲಾಂಡ್ರಿಗೆ ಹೋದ. ಮಧ್ಯಾಹ್ನದವರೆಗೆ ಕಾದ. ಅವಳು ಬರಲಿಲ್ಲ. ಆ ಚಳಿಗಾಲವೆಲ್ಲ ಪ್ರತಿ ಭಾನುವಾರ ಹೋಗಿ ಕಾದ. ಅವಳು ಬೇರೆಲ್ಲೋ ಬಟ್ಟೆ ಒಗೆದುಕೊಳ್ಳುತ್ತಿದ್ದಳು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕಂಡದ್ದನ್ನು ಕಂಡ ಹಾಗೆ ಬರೆಯಲು ಮುದ್ರೆಯನ್ನೇ ಬಿಟ್ಟುಕೊಟ್ಟವನು ಅವನು. ಅವನ ಚಿತ್ರದಲ್ಲಿ ತಪ್ಪೇನಿತ್ತು, ಗುರುಗಳೇ?” ಎಂದು ಕೇಳಿದ.

“ಚಿತ್ರದಲ್ಲಿ ತಪ್ಪಿರಲಿಲ್ಲ. ಆದರೆ ಅದು ಮುಗಿಯುವ ತನಕ ಅವಳು ಒಂಟಿಯಾಗಿರುವುದು ಅವನಿಗೆ ಬೇಕಾಗಿತ್ತು,” ಎಂದರು ಗುರು.