ಎದುರುಮನೆಯ ಪ್ರಾಯಶ್ಚಿತ್ತ

“ಗುರುಗಳೇ, ಮಾಡಿದ ಪಾಪಕ್ಕೆ ದೇವರ ಮುಂದೆ ಅತ್ತು ಕ್ಷಮೆ ಬೇಡಿದ ಮೇಲೆ ಮನುಷ್ಯರ ಬಾಗಿಲಿಗೂ ಹೋಗಿ ನಿಲ್ಲಬೇಕೇ? ಎಲ್ಲಕ್ಕಿಂತ ಮೊದಲು ದೇವರು ಎಂದು ನೀವೇ ಕಲಿಸಿದ್ದೀರಲ್ಲ?”

ಹೀಗೆ ಕೇಳಿದವನು ಅರುಳಪ್ಪ. ಚರ್ಚಿನಲ್ಲಿ ಧರ್ಮ ಕಲಿಸುವ ಉಪದೇಶಿಯಾಗಬೇಕೆಂದು ಮೂರು ವರ್ಷದಿಂದ ಊರಿನ ಹಿರಿಯ ಉಪದೇಶಿಗಳ ಬಳಿ ಧರ್ಮಪಾಠ ಓದುತ್ತಿದ್ದ. ಬರುವ ಭಾನುವಾರ ಅವನು ಜನರ ಮುಂದೆ ನಿಂತು ಆ ಕೆಲಸಕ್ಕೆ ಮಾತು ಕೊಡುವವನಿದ್ದ.

ಗುರುಗಳು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು.

“ಬೇಕಾದ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೇಳುತ್ತಿದ್ದೀಯ. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ” ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ಮನೆ ಬೀದಿಯ ಈ ಬದಿಗೆ. ಎದುರುಮನೆಯಲ್ಲಿ ಒಬ್ಬ ವಿಧವೆ, ಅವಳಿಗೆ ಒಬ್ಬಳೇ ಮಗಳು. ವಿಧವೆ ದಿನವೂ ಚರ್ಚಿನ ಕಸ ಗುಡಿಸಿ, ದೀಪ ಒರೆಸಿ ಜೀವನ ಮಾಡುತ್ತಿದ್ದಳು. ಬಡಗಿ ಚರ್ಚಿನ ಹಿರಿಯರಲ್ಲಿ ಒಬ್ಬ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆಯಲ್ಲಿ ಪಾಪ ಮಾಡುವವನು ಬಂದ ಕೂಡಲೇ ನೀವೆಲ್ಲ ಅವನಿಗೆ ಕೊಂಬು, ಬಾಲ ಹಚ್ಚಿ ನಿಶ್ಚಿಂತೆಯಿಂದ ಕೂತುಬಿಡುತ್ತೀರಿ. ಇವನಿಗೆ ಅಂಥದ್ದೇನೂ ಇರಲಿಲ್ಲ. ನಮ್ಮ ನಿಮ್ಮ ಹಾಗೆಯೇ ಇದ್ದ.

ಒಂದು ಸಂಜೆ ಅವನು ಚರ್ಚಿನಲ್ಲಿ ಮಾತೆಯ ಸ್ವರೂಪವನ್ನು ಇಟ್ಟಿದ್ದ ಗೂಡಿನ ಚೌಕಟ್ಟು ಸರಿಮಾಡುತ್ತಿದ್ದ. ಕೈಯಲ್ಲಿದ್ದ ಕೊಡತಿ, ಆ ಮರದ ಸುತ್ತಿಗೆ, ಜಾರಿತು. ಮಾತೆಯ ಮಡಿಲಲ್ಲಿದ್ದ ಬಾಲಯೇಸುವಿನ ತೋಳು ಮುರಿದು ಬಿತ್ತು. ಮುತ್ತಜ್ಜಂದಿರ ಕಾಲದ ಪ್ರತಿಮೆ ಅದು. ಹಬ್ಬಕ್ಕೆ ಒಂಬತ್ತೇ ದಿನ ಉಳಿದಿತ್ತು. ಬಡಗಿ ಮುರಿದ ತುಂಡನ್ನು ಗೂಡಿನೊಳಗೇ ಇಟ್ಟು, ಪರದೆ ಎಳೆದು ಮನೆಗೆ ಹೋದ. ಬೆಳಗ್ಗೆ ಎದ್ದು ಹೇಳಿದರಾಯಿತು ಅಂದುಕೊಂಡ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ಬೆಳಗ್ಗೆ ಅವನು ಹೋಗುವಷ್ಟರಲ್ಲಿ ಜನ ಸೇರಿಬಿಟ್ಟಿದ್ದರು. ಹೆಂಗಸರು ಅಳುತ್ತಿದ್ದರು. ಹಿರಿಯರಲ್ಲಿ ಒಬ್ಬರು ಬಡಗಿಯನ್ನು ಕಂಡು, “ನಿನ್ನೆ ನೀನು ಇಲ್ಲೇ ಇದ್ದೆಯಲ್ಲ, ಯಾರಾದರೂ ಬಂದಿದ್ದರಾ?” ಎಂದು ಕೇಳಿದರು. ಅವನನ್ನು ಯಾರೂ ಅನುಮಾನಿಸಿರಲಿಲ್ಲ. ಒಂದು ಮಾತು, ‘ನನ್ನ ಕೈತಪ್ಪು’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವನು, “ನಾನು ಹೊರಡುವಾಗ ನಮ್ಮ ಎದುರುಮನೆಯವಳು ಗುಡಿಸುತ್ತಿದ್ದಳು. ಪೊರಕೆಯ ಹಿಡಿ ತಾಗಿತೋ ಏನೋ” ಎಂದ.

‘ಏನೋ’ ಎಂದು ಸೇರಿಸಿದ್ದನ್ನು ಗಮನಿಸು. ಸುಳ್ಳು ಹೇಳುವಾಗಲೂ ಪುಣ್ಯಾತ್ಮನಿಗೆ ದೇವರ ಭಯ ಇತ್ತು.

ವಿಧವೆ ಮಗಳ ತಲೆ ಮುಟ್ಟಿ ಆಣೆ ಮಾಡಿದಳು. ಕಸ ಗುಡಿಸುವವಳ ಆಣೆ ದೊಡ್ಡದೋ, ಚರ್ಚಿನ ಹಿರಿಯನ ‘ಏನೋ’ ದೊಡ್ಡದೋ? ಅವಳ ಕೈಯಿಂದ ಪೊರಕೆ ಕಿತ್ತುಕೊಂಡರು. ಪೂಜೆಯಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಊರಿನಲ್ಲಿ ಒಂದು ದನ ಸತ್ತರೂ ‘ಮಾತೆಯ ಮೇಲೆ ಕೈ ಮಾಡಿದವಳು ಇದ್ದಾಳಲ್ಲ’ ಎಂದು ಅವಳ ಮನೆಯ ಕಡೆ ನೋಡಿದರು.

ಆಗ ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ನಮ್ಮ ಪದ್ಧತಿ ನಿನಗೇ ಗೊತ್ತು. ಮೂರು ಭಾನುವಾರ ಪೂಜೆಯಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಯಾರದಾದರೂ ತಕರಾರು ಇದ್ದರೆ ಹೇಳಲಿ ಅಂತ. ಆ ಹುಡುಗಿಯ ಹೆಸರನ್ನು ಎರಡು ಭಾನುವಾರ ಓದಿ ಆಗಿತ್ತು. ಮೂರನೆಯ ಭಾನುವಾರ ಅವಳು ಹೊಸ ಸೀರೆ ಉಟ್ಟು ಬಂದು ಕೂತಳು. ಪಾದ್ರಿ ಬೇರೆ ಹೆಸರುಗಳನ್ನೆಲ್ಲ ಓದಿದರು. ಅವಳ ಹೆಸರು ಓದಲಿಲ್ಲ. ಬೇಡ ಎಂದು ಗಂಡಿನ ಕಡೆಯವರು ಹಿಂದಿನ ದಿನವೇ ಹೇಳಿ ಕಳಿಸಿದ್ದರು. ತಾಯಿಗಾಗಲಿ ಮಗಳಿಗಾಗಲಿ ಅದನ್ನು ತಿಳಿಸುವಷ್ಟು ಮರ್ಯಾದೆ ಯಾರಿಗೂ ಇರಲಿಲ್ಲ. ಪೂಜೆ ಮುಗಿಯುವವರೆಗೆ ಆ ಹುಡುಗಿ ತಲೆ ಎತ್ತದೆ ಕೂತಿದ್ದಳು. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಬಡಗಿ ಎಲ್ಲವನ್ನೂ ಬೀದಿಯ ಈ ಬದಿಯಿಂದ ನೋಡಿದ. ಆ ಮದುವೆಗೆಂದು ಮಾಡುತ್ತಿದ್ದ ಮಂಚವನ್ನು ಬೇರೆಯವರಿಗೆ ಕೊಟ್ಟ.

ಹನ್ನೆರಡು ವರ್ಷ ಕಳೆಯಿತು. ಈಸ್ಟರ್‌ಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಊರಿಗೆ ಹೊಸ ಪಾದ್ರಿ ಬಂದರು. ಶುಕ್ರವಾರದ ಶಿಲುಬೆಹಾದಿಯ ಪ್ರಾರ್ಥನೆ ನಡೆಯುತ್ತಿರುವಾಗ ಬಡಗಿ ಇದ್ದಕ್ಕಿದ್ದ ಹಾಗೆ ಕುಸಿದು ಗೊಳೋ ಎಂದು ಅತ್ತ. ಅದು ನಾಟಕವಲ್ಲ. ಆ ಕಣ್ಣೀರು ನಿಜ, ಆ ಪಶ್ಚಾತ್ತಾಪವೂ ನಿಜ. ಪಾದ್ರಿಯ ಬಳಿ ಪಾಪನಿವೇದನೆಗೆ ಹೋಗಿ ಮೊಣಕಾಲೂರಿ ಎಲ್ಲವನ್ನೂ ಹೇಳಿದ.

ಪಾದ್ರಿ ಕೇಳಿದರು: “ಆ ಹೆಂಗಸು ಇದ್ದಾಳೋ?”

“ಇದ್ದಾಳೆ ಸ್ವಾಮಿ. ನಮ್ಮ ಎದುರುಮನೆ.”

“ಹಾಗಾದರೆ ಬೀದಿ ದಾಟು. ಅವಳ ಬಾಗಿಲಿಗೆ ಹೋಗಿ ನಿಜ ಹೇಳು. ಅವಳ ಹೆಸರು ಕೆಟ್ಟಿದ್ದು ಊರಿನ ಮುಂದೆ, ಅದಕ್ಕೆ ಊರಿಗೂ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ.”

ಬಡಗಿ ಹಗುರಾಗಿ ಎದ್ದು ಬಂದ. ಮನೆಯ ಮುಂದೆ ನಿಂತು ಎದುರು ಬಾಗಿಲು ನೋಡಿದ. ಎಣಿಸಿದರೆ ನಲವತ್ತು ಹೆಜ್ಜೆಯೂ ಇಲ್ಲ. ನಿಂತ, ನಿಂತ, ಒಳಗೆ ಹೋಗಿಬಿಟ್ಟ. ವಾರ ಬಿಟ್ಟು ಮತ್ತೆ ಪಾದ್ರಿಯ ಬಳಿ ಬಂದು, “ಸ್ವಾಮಿ, ಅದೊಂದು ಬಿಟ್ಟು ಬೇರೆ ಏನಾದರೂ ಕೊಡಿ. ಎಷ್ಟು ಕಷ್ಟದ್ದಾದರೂ ಸರಿ” ಎಂದ. ಪಾದ್ರಿ, “ಬೇರೆ ಏನೂ ಇಲ್ಲ” ಎಂದರು. ಅದೇ ವರ್ಷ ಆ ಪಾದ್ರಿಗೆ ವರ್ಗವಾಯಿತು. ಬಡಗಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು.

ಇನ್ನು ತನಗೆ ಬೇಕಾದ ಪ್ರಾಯಶ್ಚಿತ್ತವನ್ನು ತಾನೇ ಹಾಕಿಕೊಂಡ. ಹನ್ನೊಂದು ದಿನ ಬರಿಗಾಲಲ್ಲಿ ನಡೆದು ದೂರದ ಮಾತೆಯ ಕ್ಷೇತ್ರಕ್ಕೆ ಹೋಗಿ ಬಂದ. ಅಂಗಾಲು ಒಡೆದು ರಕ್ತ ಸುರಿಯಿತು. ಶುಕ್ರವಾರ ಹನಿ ನೀರೂ ಕುಡಿಯಲಿಲ್ಲ. ಬೆಳಗಿನ ಪೂಜೆಗೆ ಎಲ್ಲರಿಗಿಂತ ಮೊದಲು ಬಂದ. ಕೊನೆಗೆ ಚರ್ಚಿಗೆ ತೇಗದ ಮರದ ಹೊಸ ಪೂಜಾಪೀಠ ಮಾಡಿಕೊಡುತ್ತೇನೆ ಎಂದು ಹರಕೆ ಹೊತ್ತ. ಬಿಡಿಗಾಸು ಕೂಲಿ ಮುಟ್ಟದೆ ಮೂರು ವರ್ಷ ಕೆತ್ತಿದ. ಇಷ್ಟೆಲ್ಲದರ ನಡುವೆ ಎದುರು ಬಾಗಿಲು ಕಣ್ಣಿಗೆ ಬೀಳುತ್ತಲೇ ಇತ್ತು. ಕಂಡಾಗಲೆಲ್ಲ, “ಮೊದಲು ದೇವರ ಕೆಲಸ ಮುಗಿಯಲಿ” ಅಂದುಕೊಳ್ಳುತ್ತಿದ್ದ. ಆ ಪಾಪಕ್ಕಾಗಿ ದಿನವೂ ದೇವರಲ್ಲಿ ಕ್ಷಮೆ ಕೇಳುತ್ತಿದ್ದ. ಕೇಳಿ ಕೇಳಿ ದೇವರಿಗೂ ಸಾಕಾಗಿರಬೇಕು.

ಊರು ಅವನನ್ನು ಪುಣ್ಯವಂತ ಅಂದಿತು. ತಾಯಂದಿರು ಮಕ್ಕಳನ್ನು ಕರೆತಂದು, “ತಲೆಯ ಮೇಲೆ ಕೈಯಿಡಿ” ಎನ್ನತೊಡಗಿದರು. ಅವನು ಬೇಡ ಬೇಡ ಎನ್ನುತ್ತಲೇ ಇಡುತ್ತಿದ್ದ.

ಒಂದು ದಿನ ನಲ್ಲಿಯ ಹತ್ತಿರ ವಿಧವೆ ಎದುರಾದಳು. ಆಗಲೇ ಅವಳಿಗೆ ಉಸಿರಾಟದ ಕಾಯಿಲೆ ಹತ್ತಿತ್ತು. ಕೊಡ ಕೆಳಗಿಟ್ಟು, ಸುಧಾರಿಸಿಕೊಂಡು, “ಅಣ್ಣಾ, ಒಂದು ಸಲ ನಮ್ಮನೆಗೆ ಬಂದು ಹೋಗು” ಎಂದಳು.

“ಬರುತ್ತೇನೆ ಅಕ್ಕ. ಪೀಠದ ಕೆಲಸ ಒಂದು ಮುಗಿದುಬಿಡಲಿ” ಎಂದ.

“ದೇವರ ಕೆಲಸ. ಮುಗಿಸಿಕೊಂಡೇ ಬಾ” ಎಂದು ಅವಳು ಕೊಡ ಎತ್ತಿಕೊಂಡಳು. ಬಾಗಿಲೋ ಕಿಟಕಿಯೋ ಕೆಟ್ಟಿರಬೇಕು, ರಿಪೇರಿಗೆ ಕರೆದಿರಬೇಕು ಎಂದು ಬಡಗಿ ಸಮಾಧಾನ ಮಾಡಿಕೊಂಡ.

ಪೀಠ ಮುಗಿಯಿತು. ಬಿಷಪ್ಪರು ಬಂದು ಅದನ್ನು ಆಶೀರ್ವದಿಸಿ, ಬಡಗಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಅದರ ಮಾರನೆಯ ದಿನ ವಿಧವೆ ತೀರಿಕೊಂಡಳು.

ಆ ಊರಿನಲ್ಲಿ ಯಾರು ಸತ್ತರೂ ಶವಪೆಟ್ಟಿಗೆ ಮಾಡುವವನು ಅವನೇ. ಅಳತೆ ತೆಗೆದುಕೊಂಡು ಹೋಗಬೇಕಂತೆ ಎಂದು ಕರೆ ಬಂತು. ಹದಿನೈದು ವರ್ಷ ದಾಟಲಾಗದ ಬೀದಿಯನ್ನು ಬಡಗಿ ಅಳತೆಪಟ್ಟಿ ಹಿಡಿದುಕೊಂಡು ದಾಟಿದ. ಕಸುಬಿನ ಮೇಲೆ ಹೊರಟಾಗ ಕಾಲು ತಡೆಯಲಿಲ್ಲ ನೋಡು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆಯಲ್ಲಿ ಆಗಲೇ ಬಿಳಿಕೂದಲು. “ಬನ್ನಿ ಮಾವ” ಎಂದಳು. ಒಳಗೆ ಹೆಣ ನೋಡಿದ್ದೇ ಬಡಗಿಯ ಕೈಯಿಂದ ಪಟ್ಟಿ ಬಿತ್ತು. ಹೆಣದ ಕಾಲು ಹಿಡಿದುಕೊಂಡು, “ಆವತ್ತು ಸ್ವರೂಪ ಮುರಿದವನು ನಾನು ಕಣಮ್ಮ. ಅವಳಲ್ಲ, ನಾನು” ಎಂದು ಬಿಕ್ಕಿದ.

“ಗೊತ್ತು” ಎಂದಳು ಮಗಳು.

ಬಡಗಿ ತಲೆಯೆತ್ತಿದ.

“ಮುರಿದ ತೋಳಿನ ಮೇಲೆ ಕೊಡತಿಯ ಏಟಿನ ಗುರುತು ಇತ್ತಂತೆ. ಅವ್ವ ಆವತ್ತೇ ನೋಡಿದ್ದಳು. ಹಿರಿಯರಿಗೂ ಹೇಳಿದಳು. ದೊಡ್ಡವರ ಮೇಲೆ ಹೊರಿಸುತ್ತೀಯಾ ಅಂತ ಗದರಿ ಕಳಿಸಿದರು. ಎಷ್ಟೋ ವರ್ಷ ನಿಮ್ಮನ್ನು ಶಪಿಸಿದಳು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದೇನಾಯಿತೋ, ಕ್ಷಮಿಸಿಬಿಟ್ಟೆ ಅಂದಳು. ಅದನ್ನು ನಿಮಗೆ ಹೇಳಿ ಸಾಯಬೇಕು ಅಂತಲೇ ಮನೆಗೆ ಕರೆದದ್ದು. ನೀವು ಬರಲಿಲ್ಲ.”

“ನೀನಾದರೂ ಕ್ಷಮಿಸಮ್ಮ.”

“ನಾನು ಅವ್ವನಷ್ಟು ಒಳ್ಳೆಯವಳಲ್ಲ, ಮಾವ. ಮಣ್ಣು ಮಾಡುವಾಗ ಊರೆಲ್ಲ ಬರುತ್ತದೆ. ಪೆಟ್ಟಿಗೆ ಇಳಿಸುವ ಮೊದಲು ಎಲ್ಲರ ಮುಂದೆ ಹೇಳಿಬಿಡಿ. ಅವ್ವ ತಪ್ಪು ಮಾಡಿದವಳಾಗಿ ಮಣ್ಣಿಗೆ ಹೋಗಬಾರದು. ಅದೊಂದು ಮಾಡಿ, ನಾನೂ ಕ್ಷಮಿಸುತ್ತೇನೆ. ಈಗ ಅಳತೆ ತೆಗೆದುಕೊಳ್ಳಿ.”

ಬಡಗಿ ಒಪ್ಪಿ ಅಳತೆ ತೆಗೆದುಕೊಂಡ. ಪೀಠಕ್ಕೆ ತಂದು ಮಿಕ್ಕಿದ್ದ ತೇಗದ ಹಲಗೆಯಲ್ಲೇ ಪೆಟ್ಟಿಗೆ ಮಾಡಿದ. ಅಂಥ ಪೆಟ್ಟಿಗೆ ಆ ಊರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮರುದಿನ ಹೆಣ ಎತ್ತಿದಾಗ ಜನ ಮಾತಾಡಿಕೊಂಡರು: “ಎಂಥ ಮನುಷ್ಯ! ಅಂಥವಳಿಗೂ ತೇಗದ ಪೆಟ್ಟಿಗೆ.” ಆ ಮಾತು ಅವನ ಕಿವಿಗೂ ಬಿತ್ತು.

ಗುಂಡಿಯ ಬಳಿ ಪಾದ್ರಿ ಮಂತ್ರ ಮುಗಿಸಿದರು. ಬಡಗಿ ಮುಂದೆ ಬಂದು, “ಸ್ವಾಮಿ, ನಾನೊಂದು ಮಾತು ಹೇಳಬೇಕು” ಎಂದ. ಎಲ್ಲರೂ ಅವನ ಕಡೆ ತಿರುಗಿದರು. ಮಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ಅವನು ಜನರನ್ನು ನೋಡಿದ. ಅವನು ತಲೆ ಮುಟ್ಟಿ ಹರಸಿದ ಮಕ್ಕಳು, ಅವರ ತಾಯಂದಿರು, ಜೊತೆಯ ಹಿರಿಯರು ಎಲ್ಲರೂ ಅಲ್ಲಿದ್ದರು. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

“ಪ್ರಾರ್ಥನೆ ಮಾಡೋಣ” ಎಂದ.

ಎಲ್ಲರೂ ತಲೆ ಬಾಗಿಸಿದರು. ಅವನು ಪ್ರಾರ್ಥಿಸಿದ. ನಾವೆಲ್ಲರೂ ಪಾಪಿಗಳು ಪ್ರಭುವೇ, ಎಂದ. ಈ ಸಹೋದರಿಯ ತಪ್ಪುಗಳನ್ನೂ ನಮ್ಮ ತಪ್ಪುಗಳನ್ನೂ ಮನ್ನಿಸು, ಎಂದ. ಬಲು ಚೆಂದದ ಪ್ರಾರ್ಥನೆ. ಅತ್ತುಕೊಂಡೇ ಮಾಡಿದ. ಕೇಳಿದವರೂ ಅತ್ತರು. ಒಬ್ಬಳ ಕಣ್ಣು ಮಾತ್ರ ಒಣಗಿತ್ತು. ಆಮೆನ್ ಅನ್ನುವ ಹೊತ್ತಿಗೆ ಅವಳು ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ನೋಡದೆ ಮನೆಯ ಕಡೆ ಹೊರಟುಹೋದಳು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರ ಮುಖ ಗಂಟಿಕ್ಕಿತ್ತು.

ಅರುಳಪ್ಪ ಮೆಲ್ಲಗೆ ಕೇಳಿದ: “ಕೊನೆಗೆ ಆ ಬಡಗಿಯನ್ನು ದೇವರು ಕ್ಷಮಿಸಿದನೋ, ಗುರುಗಳೇ?”

“ಅವನ ಕತೆ ಮುಗಿಯಿತು. ನೀನು ಯಾರ ಬಾಗಿಲಿಗೆ ಹೋಗಬೇಕೋ ಅವರು ಇನ್ನೂ ಬದುಕಿದ್ದಾರೋ?” ಎಂದರು ಗುರುಗಳು.

ಅರುಳಪ್ಪ ಎದ್ದು ಬೀದಿಯ ಕಡೆ ನೋಡಿದ.