ಚಿಗರಿಯ ತೊಡೆ

ಘಟಪ್ರಭೆಯ ದಂಡೆಯಲ್ಲಿ ಒಂದು ಬೇವಿನ ತೋಪು. ತೋಪಿನೊಳಗೆ ಪುಟ್ಟದೊಂದು ಮನೆ. ಅಲ್ಲಿ ಗುರುಸಿದ್ಧಯ್ಯನವರು ಇದ್ದರು.

ಅವರು ಬಹಳ ವರ್ಷ ದನದ ಡಾಕ್ಟರಾಗಿದ್ದವರು. ನೌಕರಿ ಮುಗಿಸಿ ದಂಡೆಗೆ ಬಂದು ಕೂತರು. ನಾಯಿಗಳು ಅವರನ್ನು ಹುಡುಕಿಕೊಂಡು ಬಂದವು. ನಾಯಿಗಳ ಹಿಂದೆ ಮನುಷ್ಯರೂ ಬಂದರು. ಎಲ್ಲರೂ ಅವರನ್ನು ಅಜ್ಜಾರು ಎಂದರು, ತೋಪನ್ನು ಆಶ್ರಮ ಎಂದರು. ಅವರು ಎರಡಕ್ಕೂ ಬೇಡ ಅನ್ನಲಿಲ್ಲ.

ಅವರ ಬಳಿ ಕಲಿಯಲು ಬಂದವನು ದುಂಡಪ್ಪ. ಓಟದ ಮುಧೋಳ ನಾಯಿಗಳನ್ನು ಸಾಕುವ ಮನೆತನದವನು. ಅವನ ಹೆಣ್ಣುನಾಯಿಯ ಹೆಸರು ಚಿಗರಿ. ಚಿಗರಿ ಅಂದರೆ ಜಿಂಕೆ. ತಂದೆ ಸಾಯುವಾಗ ಕೈಗಿತ್ತು ಹೋದ ತಳಿಯಲ್ಲಿ ಉಳಿದವಳು ಅವಳೊಬ್ಬಳೇ. ಅವಳು ಓಡುವಾಗ ಕಾಲು ನೆಲಕ್ಕೆ ತಾಗಿದ್ದನ್ನು ಕಂಡವರಿರಲಿಲ್ಲ.

ಒಂದು ಮುಂಜಾನೆ ದುಂಡಪ್ಪ ಆ ಚಿಗರಿಯನ್ನು ಹೆಗಲ ಮೇಲೆ ಹೊತ್ತು ತಂದ.

“ಅಜ್ಜಾರ, ತಿರುವಿನ್ಯಾಗ ಕಾಲು ಜಾರಿತ್ರಿ. ಚೀರಿ ಬಿದ್ದಳು. ಹಿಂಗಾಲು ಊರವಲ್ಲಳು.”

ಅಜ್ಜಾರು ತೊಡೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಎಲುಬು ನೆಟ್ಟಗೈತಿ. ಒಳತೊಡಿ ಸ್ನಾಯು ಹರದೈತಿ.”

“ಮತ್ತ ಓಡ್ತಾಳೇನ್ರಿ?”

“ಗೊತ್ತಿಲ್ಲ.”

ದುಂಡಪ್ಪನ ಅಣ್ಣ ಮಲಕಪ್ಪ ಮನೆಯಲ್ಲಿ ಆಗಲೇ ಹೇಳಿಯಾಗಿತ್ತು: ಓಡದ ನಾಯಿಗೆ ಓಟದ ಮನೆಯಲ್ಲಿ ಏನು ಕೆಲಸ? ಕುರಿಗಾರರು ಈ ದಾರಿಯಲ್ಲಿ ಬಂದಾಗ ಅವರ ಹಿಂದೆ ಕಳಿಸಿಬಿಡು.

“ನನ್ನ ಹತ್ರ ಮಷಿನ್ ಐತ್ರಿ,” ಎಂದ ದುಂಡಪ್ಪ. “ಅಲ್ಟ್ರಾಸೌಂಡ್. ಹುಬ್ಬಳ್ಳಿಯಿಂದ ತರಿಸೀನಿ. ಫೋಟೋ ತೆಗಿಯೂದಲ್ರಿ, ವಾಸಿ ಮಾಡೂದು. ಕಿವಿಗೆ ಕೇಳದ ಸಪ್ಪಳ ಚರ್ಮದ ಒಳಗ ಹೊಕ್ಕು ಸ್ನಾಯು ಕೂಡಸತೈತಂತ. ಇವತ್ತ ಶುರು ಮಾಡ್ಲೇನ್ರಿ?”

ಅಜ್ಜಾರು ಎದ್ದು ಹೊಳೆಗೆ ಹೋದರು. ಹೆಗಲ ಮೇಲಿನ ವಸ್ತ್ರವನ್ನು ನೀರಿನಲ್ಲಿ ಅದ್ದಿ ತಂದು ಚಿಗರಿಯ ತೊಡೆಗೆ ಸುತ್ತಿದರು.

“ಬೆಂಕಿ ಹತ್ತಿದ ಮನಿಯೊಳಗ ದೀಪ ಹಿಡಕೊಂಡು ಹೊಕ್ಕೀಯೇನು? ಮೊದಲ ನೀರು. ಬಾವು ಇಳೀಲಿ. ಆಮ್ಯಾಲ ನೋಡೂನು.”

ದುಂಡಪ್ಪ ತಲೆಯಾಡಿಸಿದ. ಮನಸ್ಸು ತಲೆಯಾಡಿಸಲಿಲ್ಲ.

ಅಂದು ಸಂಜೆಯೇ ಮನೆಯ ಪಡಸಾಲೆಯಲ್ಲಿ ಮಷಿನ್ ಬಿಚ್ಚಿದ. ಒಂದು ಪೆಟ್ಟಿಗೆ, ಅದರಿಂದ ಒಂದು ವೈರು, ವೈರಿನ ತುದಿಗೆ ಹಿಡಿ, ಹಿಡಿಯ ತುದಿಗೆ ರೂಪಾಯಿಯಷ್ಟು ಅಗಲದ ಬಿಲ್ಲೆ.

“ಅಜ್ಜಾರು ಬ್ಯಾಡ ಅಂದಾರಲ್ಲ?” ಎಂದಳು ಹೆಂಡತಿ ನೀಲವ್ವ.

“ಅಜ್ಜಾರ ಕಾಲದಾಗ ಇಂಥಾ ಮಷಿನ್ ಎಲ್ಲಿತ್ತು? ನೀ ಸುಮ್ನ ಹಿಡಕೊ.”

ಕೂದಲ ಮೇಲೆಯೇ ಜೆಲ್ ಸವರಿದ. ಶಕ್ತಿ ಹೆಚ್ಚಿಸುವ ಬಿರಡೆಯನ್ನು ತುದಿಯವರೆಗೆ ತಿರುಗಿಸಿದ. ನೋವಿದ್ದ ಜಾಗಕ್ಕೆ ಬಿಲ್ಲೆಯನ್ನು ಒತ್ತಿ ಹಿಡಿದ. ಚಿಗರಿ ಸ್ವಲ್ಪ ಹೊತ್ತು ತಾಳಿಕೊಂಡಳು. ಆಮೇಲೆ ಚೀರಿ, ಅವನ ಕೈ ಕಚ್ಚದೆ, ಮೂರೇ ಕಾಲಿನಲ್ಲಿ ಹೊರಸಿನ ಕೆಳಗೆ ಹೋಗಿ ಅಡಗಿದಳು.

ಬೆಳಗಾಗುವಷ್ಟರಲ್ಲಿ ತೊಡೆ ಕುಂಬಳಕಾಯಿಯಾಗಿತ್ತು.

ದುಂಡಪ್ಪ ಚಿಗರಿಯನ್ನು ಮತ್ತೆ ತೋಪಿಗೆ ಹೊತ್ತು ತಂದ. ಅಜ್ಜಾರು ತೊಡೆಯನ್ನು ನೋಡಿದರು, ಅವನ ಮುಖವನ್ನು ನೋಡಿದರು.

“ಮಷಿನ್ ತೊಗೊಂಡು ಬಾ.”

ತಂದ. ಅಜ್ಜಾರು ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಅವನದೇ ಕಾಲಿಗೆ ಜೆಲ್ ಸವರಿದರು. ಮಷಿನ್ ಹಚ್ಚಿ, ಬಿಲ್ಲೆಯನ್ನು ಮೊಣಕಾಲಿನ ಕೆಳಗೆ, ಎಲುಬಿನ ಮೇಲೆಯೇ ಇಟ್ಟರು. ಅಲುಗಿಸಲಿಲ್ಲ.

ಮೊದಲು ಏನೂ ಆಗಲಿಲ್ಲ. ಆಮೇಲೆ ಹಿತವಾಗಿ ಬೆಚ್ಚಗಾಯಿತು. ದುಂಡಪ್ಪ ನಗಬೇಕೆನ್ನುವಷ್ಟರಲ್ಲಿ ಒಳಗಿನಿಂದ ಛಳಕು ಎದ್ದಿತು. ಕಾಲು ಕಿತ್ತುಕೊಂಡ.

“ಯಾಕ?”

“ಎಲುಬಿಗೆ ಹಲ್ಲನೋವು ಬಂದಂಗ ಆತ್ರಿ.”

“ನೀ ಕಾಲು ಕಿತ್ಕೊಂಡಿ,” ಎಂದರು ಅಜ್ಜಾರು. “ಅಕೀ ಕಾಲು ಯಾರ ಕೈಯಾಗಿತ್ತು?”

ದುಂಡಪ್ಪ ಚಿಗರಿಯ ಪಕ್ಕ ಕೂತು ಅತ್ತುಬಿಟ್ಟ. ಅವಳು ಅವನ ಮಣಿಕಟ್ಟನ್ನು ನೆಕ್ಕಿದಳು.

“ಮಷಿನ್ ಅರಿವ್ಯಾಗ ಕಟ್ಟಿಡು,” ಎಂದರು ಅಜ್ಜಾರು. “ಮೊದಲ ಕೈ ಕಲೀಲಿ.”

ಅಂದಿನಿಂದ ತಣ್ಣೀರ ಬಟ್ಟೆ, ವಿಶ್ರಾಂತಿ. ದಿನಾ ಮುಂಜಾನೆ ದುಂಡಪ್ಪ ಕಣ್ಣು ಮುಚ್ಚಿ ಮೊದಲು ಗಟ್ಟಿ ತೊಡೆಯನ್ನು ಮುಟ್ಟಬೇಕು, ಆಮೇಲೆ ಪೆಟ್ಟಾದ ತೊಡೆಯನ್ನು.

“ಏನು ಸಿಕ್ತು?”

“ಏನೂ ಇಲ್ರಿ.”

“ನಾಳಿಗೆ ಬಾ.”

ಹೀಗೇ ನಡೆಯಿತು. ಅವನಿಗೆ ಬೇಸರವಾಯಿತು. ಬೇಸರವೂ ಬೇಸತ್ತು ಹೋಯಿತು. ಆಗ ಬೆರಳುಗಳು ಮಾತಾಡತೊಡಗಿದವು.

“ಅಜ್ಜಾರ, ಬಿಸಿ ಹೋಗೈತ್ರಿ. ಬಾವಿಲ್ಲ. ಒಳಗ ಹುಣಸಿಬೀಜದಂಥಾ ಒಂದು ಗಂಟು ಐತಿ. ಅದರ ಮ್ಯಾಲ ಬೆರಳು ಬಂದ ಕೂಡ್ಲೆ ಉಸಿರು ಬಿಗಿ ಹಿಡೀತಾಳ.”

ಅಜ್ಜಾರು ತಾವೂ ಮುಟ್ಟಿ ನೋಡಿದರು.

“ಈಗ ಮಷಿನ್ ಬಿಚ್ಚು. ತೊಡಿ ಬೋಳಿಸು.”

ದುಂಡಪ್ಪ ಹಿಂದೆಮುಂದೆ ನೋಡಿದ. “ಕೂದಲು ತೆಗೆದ್ರ ಚಂದ ಹೋಗತೈತ್ರಿ. ಮಂದಿ ನಗತಾರ.”

ಅಜ್ಜಾರು ಬಿಲ್ಲೆಯನ್ನು ಮೇಲ್ಮುಖವಾಗಿ ಹಿಡಿದು ಅದರ ಮೇಲೆ ಹೊಳೆಯ ನೀರಿನ ಹನಿ ಹಾಕಿದರು. ಮಷಿನ್ ಹಚ್ಚಿದರು. ಹನಿ ನಡುಗಿತು, ಕುಣಿಯಿತು, ಸಣ್ಣ ಸಣ್ಣ ಗುಳ್ಳೆಯಾಯಿತು.

“ಈಗ ಅಂಗೈ ಅದರ ಮ್ಯಾಲ ಹಿಡಿ. ತಾಗಿಸಬ್ಯಾಡ.”

ಹಿಡಿದ.

“ಏನರ ಬಂತು?”

“ಇಲ್ರಿ.”

“ನೀರಿನ್ಯಾಗ ಕುಣೀತು. ಗಾಳಿ ದಾಟಲಿಲ್ಲ. ಇದಕ್ಕ ಗಾಳಿ ಅಂದ್ರ ಕಲ್ಲಿನ ಗ್ವಾಡಿ. ಕೂದಲಿನ ಸಂದ್ಯಾಗ ಏನಿರತೈತಿ?”

ದುಂಡಪ್ಪ ಎದ್ದು ಕತ್ತರಿ ಹುಡುಕಲು ಹೋದ.

ಮರುದಿನ ಅಜ್ಜಾರು ತಾವೇ ಅವನ ಮನೆಗೆ ಬಂದರು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ನೀಲವ್ವ ಚಿಗರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೋಳಾದ ಚರ್ಮಕ್ಕೆ ಜೆಲ್, ಬಿರಡೆ ಅರ್ಧಕ್ಕೂ ಕೆಳಗೆ.

ದುಂಡಪ್ಪ ಬಿಲ್ಲೆ ಆಡಿಸಿದ. ಕೈ ಒಮ್ಮೆ ಓಡಿತು, ಒಮ್ಮೆ ನಿಂತಿತು. ನಿಂತಾಗಲೆಲ್ಲ ಚಿಗರಿಯ ಕಿವಿ ನಿಗುರಿತು.

ನೀಲವ್ವನಿಗೆ ನೋಡಲಾಗಲಿಲ್ಲ. “ತರ್ರಿ ಇಲ್ಲೆ. ನೆಲಾ ಸಾರಸೂದು ಕಂಡಿಲ್ಲೇನು? ಒಂದು ಸುತ್ತು. ಅದರ ಅರ್ಧದ ಮ್ಯಾಲ ಮತ್ತೊಂದು ಸುತ್ತು. ಕೈ ನಿಂದ್ರಬಾರದು, ಓಡಲೂ ಬಾರದು.”

ಅವಳ ಕೈ ತಿರುಗಿತು. ಚಿಗರಿಯ ಕಿವಿ ಮಡಚಿತು. ಕಣ್ಣು ಮುಚ್ಚಿತು. ಮೊದಲ ಸಲ ಅವಳು ಆ ತೊಡೆಯನ್ನು ಸಡಿಲ ಬಿಟ್ಟು ಗೊರಕೆ ಹೊಡೆದಳು.

ಅಜ್ಜಾರು ಕೋಲು ತೆಗೆದುಕೊಂಡು ಎದ್ದರು.

“ಎಲ್ಲಿಗೆ ಹೊಂಟ್ರಿ ಅಜ್ಜಾರ?”

“ನನ್ನ ಕೆಲಸ ಇಲ್ಲೆ ಏನೈತಿ? ನಿನ್ನ ಗುರು ಮನ್ಯಾಗ ಅದಾಳ.”

ಗಂಡ ಹೆಂಡತಿ ಸರದಿಯಲ್ಲಿ ಮಾಡಿದರು. ಹುಣಸೆಬೀಜ ಜೋಳದ ಕಾಳಾಯಿತು. ಜೋಳದ ಕಾಳು ಸಾಸಿವೆಯಾಯಿತು. ಚಿಗರಿ ಮೊದಲು ಅಂಗಳದಲ್ಲಿ ನಡೆದಳು, ಆಮೇಲೆ ಹೊಳೆಯ ಮಳಲಿನಲ್ಲಿ, ಆಮೇಲೆ ಎದೆಮಟ್ಟದ ನೀರಿನಲ್ಲಿ. ಬೋಳಾದಲ್ಲಿ ಕೂದಲು ಚಿಗುರಿತು. ಕುಂಟು ಹೋಯಿತು.

ಊರಾಚೆಯ ಬಯಲಿನಲ್ಲಿ ಓಟದ ದಿನ ಗೊತ್ತಾಯಿತು. ಮಲಕಪ್ಪ ಚಿಗರಿಯ ಹೆಸರು ಬರೆಸಿಬಂದ. “ಈ ಸಲ ಓಡದಿದ್ರ ಕುರಿಗಾರರ ಪಾಲು,” ಎಂದ.

ದುಂಡಪ್ಪ ತೋಪಿಗೆ ಓಡಿದ. “ಅಜ್ಜಾರ, ಓಡಸ್ಲೋ ಬ್ಯಾಡೋ?”

“ನನ್ನ ಕೈ ಮುದಿಯಾಗೈತಿ. ನಿನ್ನ ಕೈ ಕೇಳು.”

ದುಂಡಪ್ಪ ಚಿಗರಿಯನ್ನು ಮಳಲಿನಲ್ಲಿ ಓಡಿಸಿ, ಕರೆದು, ಕಣ್ಣು ಮುಚ್ಚಿ ತೊಡೆ ಮುಟ್ಟಿದ. ಗಂಟು ಇರಲಿಲ್ಲ. ಆದರೆ ಇನ್ನೊಂದು ತೊಡೆಗಿಂತ ಎಳ್ಳಷ್ಟು ಬಿಸಿ. ಬೇರೆ ಯಾರಿಗೂ ತಿಳಿಯದಷ್ಟು.

ಅವನು ಹೋಗಿ ಓಟದ ಪಟ್ಟಿಯಿಂದ ಹೆಸರು ತೆಗೆಸಿಬಂದ. ಅಣ್ಣ ಅಂಗಳದಲ್ಲಿ ನಿಂತು ಬೈದ. ನೆರೆಯವರು ನಕ್ಕರು. ಕುರಿಗಾರರಿಗೆ ಚಿಗರಿಯನ್ನು ಕೊಡಬೇಕಾದರೆ ತನ್ನನ್ನೂ ಕಟ್ಟಿ ಕಳಿಸಿ ಎಂದ ದುಂಡಪ್ಪ. ಅಣ್ಣ ಮಾತು ಬಿಟ್ಟ.

ಅಂದು ಅಜ್ಜಾರು ಹೊಗಳಲಿಲ್ಲ. ತಮ್ಮ ತಾಟಿನ ರೊಟ್ಟಿಯನ್ನು ಮುರಿದು ಅರ್ಧ ಅವನ ಕೈಗಿಟ್ಟರು.

ಸುಗ್ಗಿ ಮುಗಿದ ಮೇಲೆ ಮತ್ತೊಂದು ಓಟ ಬಂತು. ಈ ಸಲ ಎರಡೂ ತೊಡೆ ಒಂದೇ ತಂಪು.

ಬಯಲಿನ ತುಂಬ ಜನ. ಮೋಟರ್‌ಸೈಕಲ್ಲಿನ ಹಿಂದೆ ಹಗ್ಗ, ಹಗ್ಗದ ತುದಿಗೆ ಮೊಲದಂತೆ ಸುತ್ತಿದ ಅರಿವೆ. ಮೋಟರ್‌ಸೈಕಲ್ಲು ಅರಿವೆಯನ್ನು ಎಳೆದುಕೊಂಡು ಹೋಯಿತು. ನಾಯಿಗಳನ್ನು ಬಿಟ್ಟರು.

ಚಿಗರಿ ಹಿಂದೆ ಬಿದ್ದಳು. ಮುಂದೆ ತಿರುವು. ಉಳಿದ ನಾಯಿಗಳು ಅಗಲಕ್ಕೆ ಹೊರಳಿದವು. ಚಿಗರಿ ಒಳಬದಿಗೆ ವಾಲಿದಳು. ಇಡೀ ಮೈಯ ಭಾರ ಆ ತೊಡೆಯ ಮೇಲೆ ಬಿತ್ತು. ನೀಲವ್ವ ಕಣ್ಣು ಮುಚ್ಚಿಕೊಂಡಳು.

ತೊಡೆ ತಾಳಿತು. ತಾಳಿದ್ದಷ್ಟೇ ಅಲ್ಲ, ಬಿಲ್ಲಿನಂತೆ ಬಾಗಿ ಬಾಣದಂತೆ ಬಿಟ್ಟಿತು. ಧೂಳಿನೊಳಗಿಂದ ಒಂದು ಮೂತಿ ಹೊರಬಂತು, ಅದರ ಹಿಂದೆ ಒಂದು ಉದ್ದನೆಯ ಮೈ. ಒಂದು ನಾಯಿ ಹಿಂದಾಯಿತು. ಇನ್ನೊಂದು. ಕೊನೆಯ ಗೆರೆ ದಾಟುವಾಗ ಅವಳ ಮುಂದೆ ಅರಿವೆಯ ಹೊರತು ಮತ್ತೇನೂ ಇರಲಿಲ್ಲ.

ಎಲ್ಲರಿಗಿಂತ ಮೊದಲು ಕೂಗಿದವನು ಮಲಕಪ್ಪ. ರುಮಾಲು ಹಾರಿಸಿ, ಧೂಳಿನಲ್ಲಿ ಮಂಡಿಯೂರಿ, ಚಿಗರಿಯ ಕೊರಳು ತಬ್ಬಿದ. “ನಮ್ಮಪ್ಪನ ತಳಿ! ಇಕಿ ನಮ್ಮ ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ!” ಎಂದು ಕಂಡಕಂಡವರಿಗೆಲ್ಲ ಹೇಳಿದ. ತಮ್ಮನ ಹೆಗಲ ಮೇಲೂ ಕೈ ಹಾಕಿದ.

ಹಲಗೆ ಬಾರಿಸುತ್ತ ಮಂದಿ ತೋಪಿಗೆ ಬಂದರು. ದುಂಡಪ್ಪ, ನೀಲವ್ವ ಇಬ್ಬರೂ ಕೂಡಿ ಓಟದಲ್ಲಿ ಗೆದ್ದ ಕಪ್ಪನ್ನು ಅಜ್ಜಾರ ಪಾದದ ಬಳಿ ಇಟ್ಟರು.

“ಇದು ನಿಮ್ಮದ್ರಿ ಅಜ್ಜಾರ.”

“ನಾ ಎಲ್ಲಿ ಓಡೀನಿ?”

“ಹಂಗಾರ ಇದು ಯಾರದ್ರಿ? ನಮ್ಮದೋ, ಮಷಿನ್‌ದೋ?”

ಅಜ್ಜಾರು ಹೊಳೆಯ ಕಡೆ ನೋಡಿದರು. ಚಿಗರಿ ಯಾವಾಗಲೋ ಗುಂಪಿನಿಂದ ನುಸುಳಿ ಹೋಗಿದ್ದಳು. ಅತ್ತ ಬೆಳ್ಳನೆಯ ಮಳಲಿನಲ್ಲಿ, ಮುಂದೆ ಮೊಲವಿಲ್ಲದೆ, ಹಿಂದೆ ನಾಯಿಯಿಲ್ಲದೆ, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು.

“ಕಪ್ ನೀವ ಇಟ್ಕೊಳ್ರಿ,” ಎಂದರು ಅಜ್ಜಾರು. “ಓಟ ಅಕೀದು.”