ಮೂಲೆಗೆ ಬಿಡದ ತಗಡು

ಮರುಳಪ್ಪ ಗುರುಗಳನ್ನು ಕೇಳಿದ: "ಬುದ್ಧೀ, ನಾವು ಮೂವರು ಅಣ್ಣತಮ್ಮಂದಿರು. ಹೊಲವೆಂದರೆ ಹೊಲ, ಕೋಣೆಯೆಂದರೆ ಕೋಣೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ನಾನೇ ಅಳೆದು ಹಂಚಿದ್ದೆ. ನಮ್ಮ ಜೊತೆಗೇ ಇದ್ದ ಅಕ್ಕ ಬದುಕಿರುವ ತನಕ ಅವಳ ಒಂದೇ ಒಲೆಯಲ್ಲಿ ಉಂಡೆವು. ಅವಳು ತೀರಿಕೊಂಡಳು. ಅವಳ ತಿಥಿಗೂ ಮೂವರು ಒಟ್ಟಿಗೆ ಕೂರಲಿಲ್ಲ. ನನ್ನ ಲೆಕ್ಕ ತಪ್ಪಿದ್ದೆಲ್ಲಿ?"

ಗುರುಗಳು ಹೇಳಿದರು:

ಒಬ್ಬ ಕಂಚುಗಾರನಿದ್ದ. ಅಳತೆಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಪೇಟೆ ಹೇಳುತ್ತಿತ್ತು. ಅವನೂ ಹಾಗೇ ನಂಬಿದ್ದ. ಒಬ್ಬ ಹೆಂಗಸು ದಪ್ಪನೆಯ ತಾಮ್ರದ ತಗಡು ತಂದಳು. ಗಂಡ ಸತ್ತಿದ್ದ. ಅವನ ಬೂದಿಯನ್ನು ಹೊಳೆಗೆ ಒಯ್ಯಲು ಒಂದು ಪೆಟ್ಟಿಗೆ ಬೇಕು, ತಗಡು ಅವನು ಉಳಿಸಿಹೋದದ್ದು, ಅದಕ್ಕೆ ಬೇರೆ ತುಂಡು ಹಚ್ಚಬಾರದು ಎಂದಳು.

ಕಂಚುಗಾರ ಮೊದಲು ತಳ ಕತ್ತರಿಸಿದ. ತಳದ ನಾಲ್ಕು ಬದಿ ಅಳೆದು ಕೂಡಿಸಿದ. ಸುತ್ತಲಿನ ಗೋಡೆಗೆ ಅಷ್ಟೇ ಉದ್ದದ ಪಟ್ಟಿ ತೆಗೆದ. ತಗಡಿನಲ್ಲಿ ಮಿಕ್ಕಿದ್ದ ಸಣ್ಣ ಚೂರನ್ನೂ ಬಡಿದು ಹಿಡಿಕೆಗೆ ಮೊಳೆ ಮಾಡಿದ. ಪಕ್ಕದಲ್ಲಿ ಕೂತಿದ್ದ ಅವನ ಮಾವ, ಮುದುಕ, ಕೇಳಿದ: "ಮೂಲೆಗೆ ಏನೂ ಬಿಡಲಿಲ್ಲವೇನೋ, ಲೆಕ್ಕದ ಸಾಹುಕಾರ?"

"ಮೂಲೆ ಅಂದ್ರೆ ಏನು ಮಾವ, ಒಂದು ಗೆರೆ. ಗೆರೆ ತಗಡು ತಿನ್ನುತ್ತದೆಯೇ?"

ಮುದುಕ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಕಂಚುಗಾರ ಪಟ್ಟಿಯನ್ನು ತಳದ ಸುತ್ತ ಬಗ್ಗಿಸಿದ. ಒಂದೊಂದು ಮೂಲೆಯೂ ಬಾಗುವಾಗ ತನಗೆ ಬೇಕಾದಷ್ಟು ತಗಡನ್ನು ತೆಗೆದುಕೊಂಡಿತು. ಕೊನೆಯ ಮೂಲೆಯಲ್ಲಿ ಅಂಚಿಗೆ ಅಂಚು ಕೂಡಲಿಲ್ಲ. ಕಿರುಬೆರಳು ತೂರುವಷ್ಟು ಸಂದು ಉಳಿಯಿತು. ಎಳೆದು ನೋಡಿದ. ಸುತ್ತಿಗೆಯಿಂದ ತಟ್ಟಿ ತಟ್ಟಿ ಬೆಳೆಸಲು ನೋಡಿದ. ಬಾಗಿದ್ದ ಮೂಲೆಯೇ ಸೀಳಿತು.

ಬೆಳಿಗ್ಗೆ ಹೆಂಗಸು ಬಂದಳು. ನೆಂಟರು ಹೊಳೆಗೆ ಹೊರಟು ಬೀದಿಯಲ್ಲಿ ನಿಂತಿದ್ದರು. ಅವಳು ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟಳು. ಬೂದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಹಳೆಯ ಸೀರೆ. ಬೂದಿ ದಾರಿಯುದ್ದಕ್ಕೂ ಸೋರುತ್ತಲೇ ಇತ್ತು.

ಕತೆ ಮುಗಿಯಿತು. ಮರುಳಪ್ಪನಿಗೆ ಸಮಾಧಾನವಾಗಲಿಲ್ಲ. "ಅಷ್ಟು ಕಸುಬು ಬಲ್ಲವನು ಮೂಲೆಯನ್ನು ಮರೆತನೇ, ಬುದ್ಧೀ?"

"ಮರೆಯಲಿಲ್ಲ. ಗೆರೆ ಅಂದುಕೊಂಡ," ಎಂದರು ಗುರುಗಳು. "ಮೂರು ಪಾಲು ಅಳೆದೆಯಲ್ಲ ಮರುಳಪ್ಪ, ನಿಮ್ಮ ಮೂವರ ನಡುವೆ ದಿನವೂ ಬಾಗಿದವಳಿಗೆ ಎಷ್ಟು ಬಿಟ್ಟಿದ್ದೆ?"